43 ಬೋನ್ಸಾಯ್, ಒಂದೇ ಬಾಲ್ಕನಿ

ಪ್ರಶ್ನೆ: ಮೇಡಂ, 19 ವರ್ಷದಿಂದ ಬೋನ್ಸಾಯ್ ಬೆಳೆಸುತ್ತಿದ್ದೇನೆ. ತಾರಸಿಯಲ್ಲಿ ಈಗ 43 ಗಿಡಗಳಿವೆ. ಇನ್ನು ಮೂರು ತಿಂಗಳಿಗೆ ಮನೆ ಬದಲಾಯಿಸುತ್ತಿದ್ದೇವೆ. ಹೊಸದು ನಾಲ್ಕನೇ ಮಹಡಿಯ ಫ್ಲಾಟ್. ಪೂರ್ವಕ್ಕೆ ಒಂದೇ ಬಾಲ್ಕನಿ, ಬೆಳಿಗ್ಗೆ ನಾಲ್ಕು ಗಂಟೆ ಬಿಸಿಲು. ಮನೆಯವರು "ಹತ್ತು ಇಟ್ಕೋ, ಉಳಿದದ್ದು ಕೊಟ್ಟುಬಿಡು" ಅನ್ನುತ್ತಾರೆ. ಯಾವುದನ್ನು ಬಿಡುವುದು ಅಂತ ದಿನಾ ಸಂಜೆ ಮೇಲೆ ಹೋಗಿ ನಿಲ್ಲುತ್ತೇನೆ. ಒಂದನ್ನೂ ಆರಿಸಲಾಗದೆ ಇಳಿದು ಬರುತ್ತೇನೆ. ಆಲ, ಜೇಡ್, ಬೋಗನ್‌ವಿಲ್ಲಾ, ಹುಣಸೆ, ಎರಡು ಜುನಿಪರ್ ಇವೆ. ಜೊತೆಗೆ ಒಂದಷ್ಟು ಸಣ್ಣಪುಟ್ಟ ಕುಂಡಗಳು. ಏನು ಮಾಡಲಿ?
— ಒಬ್ಬ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹದಿನಾಲ್ಕು ವರ್ಷದ ಹಿಂದೆ ನಾನೂ ಹೀಗೇ ತಾರಸಿಯಲ್ಲಿ ನಿಂತಿದ್ದೆ. ಆಗ ನನ್ನಲ್ಲಿ 38 ಗಿಡಗಳಿದ್ದವು. ಯಾವುದನ್ನೂ ಬಿಡಲು ಮನಸ್ಸು ಬರಲಿಲ್ಲ, ಎಲ್ಲವನ್ನೂ ಹೊತ್ತುಕೊಂಡು ಹೋದೆ. ಒಂದು ವರ್ಷ ತುಂಬುವಷ್ಟರಲ್ಲಿ ಒಂಬತ್ತು ಗಿಡ ಸತ್ತವು. ದಾರಿಯಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಹೊಸ ಮನೆಯಲ್ಲಿ ಬಿಸಿಲು ಸಾಲದೆ ಹೋದವು ಅವು.

ಅದರಲ್ಲಿ ಒಂದು ಜುನಿಪರ್. ಜಾಗ ಇಲ್ಲದೆ ಅದನ್ನು ಒಳಗೋಡೆಗೆ ಒತ್ತಿ ಇಟ್ಟಿದ್ದೆ. ವಾರಗಟ್ಟಲೆ ಹಸಿರಾಗಿಯೇ ಇತ್ತು. ಚೆನ್ನಾಗಿದೆ ಅಂದುಕೊಂಡು ನೀರು ಹಾಕುತ್ತಲೇ ಇದ್ದೆ. ಒಂದು ದಿನ ಅನುಮಾನ ಬಂದು ಉಗುರಿನಿಂದ ಕೊಂಬೆಯ ತೊಗಟೆ ಕೆರೆದು ನೋಡಿದೆ. ಜೀವ ಇದ್ದರೆ ಒಳಗೆ ಹಸಿ ಹಸಿರು ಕಾಣಬೇಕು. ಕಂಡದ್ದು ಒಣಗಿದ ಕಂದು ಬಣ್ಣ. ಬುಡದ ತನಕ ಕೆರೆದೆ, ಎಲ್ಲ ಕಡೆಯೂ ಅದೇ. ಜುನಿಪರ್ ಸತ್ತ ಮೇಲೂ ಎಷ್ಟೋ ದಿನ ಹಸಿರಾಗಿ ಕಾಣುತ್ತದೆ ಅಂತ ನನಗೆ ಗೊತ್ತಾದದ್ದು ಹಾಗೆ. ಅದನ್ನು ಬಿಸಿಲಿರುವ ಮನೆಯವರಿಗೆ ಕೊಟ್ಟಿದ್ದರೆ ಇವತ್ತೂ ಇರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಬಿಡುವ ಗಿಡವನ್ನು ಹುಡುಕಬೇಡಿ. ಒಯ್ಯುವ ಗಿಡವನ್ನು ಆರಿಸಿ. ಬಿಡುವುದು ಯಾವುದು ಅಂತ ನೋಡಿದರೆ ಪ್ರತಿಯೊಂದು ಗಿಡದ ಪರವಾಗಿಯೂ ಏನಾದರೊಂದು ಹೇಳಲು ಇರುತ್ತದೆ. ಆ ಬಾಲ್ಕನಿಯಲ್ಲಿ ಯಾವುದು ಬದುಕುತ್ತದೆ ಅಂತ ಕೇಳಿಕೊಂಡರೆ ಅರ್ಧ ಕೆಲಸ ಬಿಸಿಲೇ ಮಾಡಿಕೊಡುತ್ತದೆ.

ಮೊದಲು ಬೀಗದ ಕೈ ಕೇಳಿ ಪಡೆದು ಹೊಸ ಮನೆಗೆ ಎರಡು ಮೂರು ಬೆಳಿಗ್ಗೆ ಹೋಗಿ ಬನ್ನಿ. ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ, ಕಟ್ಟೆಗೋಡೆಯ ನೆರಳು ಎಲ್ಲಿಯವರೆಗೆ ಬೀಳುತ್ತದೆ, ಎಲ್ಲ ಬರೆದುಕೊಳ್ಳಿ. ನಾಲ್ಕು ಗಂಟೆ ಅಂದಿದ್ದೀರಿ. ಅದು ಕಂಬಿಯ ಪಕ್ಕದಲ್ಲಿ ಸಿಗುವ ಲೆಕ್ಕವೋ, ನೆಲದ ಮೇಲೆ ಸಿಗುವ ಲೆಕ್ಕವೋ? ಎರಡಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ. ನಲ್ಲಿ ಇದೆಯಾ, ಇಲ್ಲವೇ ಅಡುಗೆಮನೆಯಿಂದ ಬಕೆಟ್ ಹೊರಬೇಕಾ ನೋಡಿ. ನಾಲ್ಕನೇ ಮಹಡಿಯಲ್ಲಿ ಗಾಳಿ ಜಾಸ್ತಿ. ಅಂಗೈಯಗಲದ ಕುಂಡಗಳು ಅಲ್ಲಿ ಬೇಗ ಒಣಗುತ್ತವೆ, ಬಿಸಿಲು ಜೋರಿರುವ ದಿನ ಎರಡು ಸಲ ನೀರು ಕೇಳುತ್ತವೆ. ಎಷ್ಟು ಕುಂಡಕ್ಕೆ ತಪ್ಪದೆ ನೀರು ಹಾಕಬಲ್ಲಿರೋ ಅಷ್ಟೇ ಒಯ್ಯಿರಿ. ಹತ್ತೇ ಆಗಬೇಕು ಅಂತಿಲ್ಲ. ಹದಿಮೂರಾದರೂ ಆಗಲಿ, ಎಂಟಾದರೂ ಆಗಲಿ.

ಬೆಳಗಿನ ಬಿಸಿಲಿಗೆ ಆಲ ಮತ್ತು ಜೇಡ್ ಚೆನ್ನಾಗಿ ಒಗ್ಗಿಕೊಳ್ಳುತ್ತವೆ. ಜೇಡ್ ಎಲೆಯಲ್ಲೇ ನೀರು ಇಟ್ಟುಕೊಳ್ಳುವ ಗಿಡ, ಸಾಗಾಟದ ಗಡಿಬಿಡಿಯಲ್ಲಿ ಒಂದೆರಡು ದಿನ ಮರೆತರೂ ತಡೆಯುತ್ತದೆ. ಬೋಗನ್‌ವಿಲ್ಲಾ ಅಲ್ಲಿ ಬದುಕಬಹುದು, ಆದರೆ ಹೂ ಕಮ್ಮಿಯಾಗುತ್ತದೆ. ಹುಣಸೆ ಪೂರ್ತಿ ಬಿಸಿಲಿನ ಮರ. ಸಂಜೆ ಅದು ಎಲೆ ಮಡಚಿಕೊಳ್ಳುವುದನ್ನು ನೋಡುತ್ತಾ ಕೂರುವುದು ಎಷ್ಟು ಚೆನ್ನ ಅಂತ ನನಗೆ ಗೊತ್ತು. ಆದರೂ ಬೋಗನ್‌ವಿಲ್ಲಾ, ಹುಣಸೆ ಎರಡನ್ನೂ ತಾರಸಿ ಇರುವವರಿಗೆ ಕೊಡಿ ಅಂತಲೇ ಹೇಳುತ್ತೇನೆ. ಎರಡು ಜುನಿಪರ್‌ಗಳಲ್ಲಿ ಒಳ್ಳೆಯದೊಂದನ್ನು ಕಂಬಿಯ ಪಕ್ಕದ ಜಾಗಕ್ಕೆ ಇಟ್ಟುಕೊಳ್ಳಿ. ಮನೆಯೊಳಗೆ ಮಾತ್ರ ಬೇಡ.

ಜಪಾನಿನಲ್ಲಿ 1923ರ ದೊಡ್ಡ ಭೂಕಂಪದ ನಂತರ ಟೋಕಿಯೋದ ಹಲವು ಬೋನ್ಸಾಯ್ ಬೆಳೆಗಾರರು ಊರನ್ನೇ ಬಿಟ್ಟು ಓಮಿಯಾ ಎಂಬಲ್ಲಿಗೆ ಹೋದರು. 1925ರಲ್ಲಿ ಅಲ್ಲೊಂದು ಬೋನ್ಸಾಯ್ ಹಳ್ಳಿಯೇ ಶುರುವಾಯಿತು. ಒಳ್ಳೆ ಮಣ್ಣು, ನೀರು, ಗಾಳಿ ನೋಡಿ, ಗಿಡಕ್ಕೆ ತಕ್ಕ ಜಾಗ ಹುಡುಕಿಕೊಂಡು ಹೋದರು ಅವರು. ನಮಗೆ ಜಾಗ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ. ಹಾಗಾಗಿ ಜಾಗಕ್ಕೆ ತಕ್ಕ ಗಿಡ ಆರಿಸಿಕೊಳ್ಳಬೇಕು, ಅಲ್ವಾ?

ಬಿಸಿಲಿನ ಲೆಕ್ಕ ಮುಗಿದ ಮೇಲೂ ಇಪ್ಪತ್ತು ಗಿಡ ಉಳಿದರೆ ಬುಡ ನೋಡಿ. ಮೆತ್ತನೆಯ ಬ್ರಷ್ ತಗೊಂಡು ಮೇಲಿನ ಮಣ್ಣನ್ನು ಒಂದು ಬೆರಳಿನಷ್ಟು ಸರಿಸಿ. ಬೇರು ಸುತ್ತಲೂ ಹರಡಿದೆಯಾ, ಕಾಂಡ ಬುಡದಲ್ಲಿ ದಪ್ಪ ಇದ್ದು ಮೇಲೆ ಹೋಗ್ತಾ ಸಣ್ಣಗಾಗಿದೆಯಾ? ಅಂಥದ್ದನ್ನು ಇಟ್ಟುಕೊಳ್ಳಿ. ಕೊಂಬೆಯನ್ನು ಎರಡು ಮೂರು ವರ್ಷದಲ್ಲಿ ಮತ್ತೆ ಬೆಳೆಸಬಹುದು. ಬುಡ ಹಾಗಲ್ಲ. ಸಣ್ಣ ಕುಂಡದಲ್ಲಿ ಕಾಂಡ ದಪ್ಪಗಾಗುವುದು ತೀರಾ ನಿಧಾನ. ಈಗ ಬೋಳಾಗಿ ಕಾಣುತ್ತಿದೆ ಅಂತ ಒಳ್ಳೆ ಬುಡದ ಗಿಡವನ್ನು ಬಿಟ್ಟು, ಎಲೆ ತುಂಬಿರುವ ಸಪೂರ ಗಿಡವನ್ನು ಒಯ್ಯಬೇಡಿ.

ಒಂದು ಗಿಡಕ್ಕೆ ಮಾತ್ರ ಈ ಯಾವ ಲೆಕ್ಕವೂ ಬೇಡ. ಕೊಂಬೆಗಳನ್ನು ಬೇಕಾದಂತೆ ಬಾಗಿಸಲು ನೀವು ಮೊಟ್ಟಮೊದಲು ತಂತಿ ಸುತ್ತಿದ್ದೋ, ಅಮ್ಮ ಕೊಟ್ಟಿದ್ದೋ ಒಂದು ಇದ್ದೇ ಇರುತ್ತದೆ. ಅದನ್ನು ಸುಮ್ನೆ ತಗೊಂಡು ಹೋಗಿ.

ಸಣ್ಣಪುಟ್ಟ ಕುಂಡಗಳ ವಿಷಯಕ್ಕೆ ಬರೋಣ. ಅದರಲ್ಲಿ ಐದೋ ಏಳೋ ಜೇಡ್ ಇದ್ದರೆ ಒಂದೇ ಅಗಲದ ತಟ್ಟೆಗೆ ಸೇರಿಸಿ ಪುಟ್ಟ ತೋಪು ಮಾಡಿ. ಎತ್ತರದ್ದು ನಡುವೆ ಬರಲಿ, ಆದರೆ ಸರಿಯಾಗಿ ಮಧ್ಯಕ್ಕೆ ಬೇಡ, ಒಂಚೂರು ಪಕ್ಕಕ್ಕಿರಲಿ. ಕುಳ್ಳಗಿರುವುದು ಅಂಚಿಗೆ. ಬೇರು ಕತ್ತರಿಸಿದ ಜೇಡ್‌ಗೆ ಕೆಲವು ದಿನ ನೀರು ಹಾಕಬೇಡಿ, ಗಾಯ ಒಣಗಲಿ. ಏಳು ಕುಂಡ ಒಂದಾಯಿತಲ್ಲ! ಈ ಕೆಲಸವನ್ನು ಈ ವಾರವೇ ಮಾಡಿ ಮುಗಿಸಿ, ಹೊರಡುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಹಾಗೇ ಬಾಲ್ಕನಿಗೆ ಎತ್ತರವಾಗುವ ಆಲ ಇದ್ದರೆ ಮೇಲ್ಭಾಗಕ್ಕೆ ಗೂಟಿ ಕಟ್ಟಿ. ಉಂಗುರದಂತೆ ತೊಗಟೆ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಿರಿ. ಬೆಚ್ಚಗಿನ ಕಾಲದಲ್ಲಿ ಒಂದೆರಡು ತಿಂಗಳಿಗೆ ಬೇರು ಕಾಣುತ್ತದೆ. ಮೇಲಿನ ತುಂಡನ್ನು ನೀವು ಒಯ್ದು ಬುಡದ್ದನ್ನು ಕೊಡಬಹುದು, ಬೇಕಾದರೆ ಅದಲುಬದಲೂ ಮಾಡಬಹುದು. ಇವೆರಡು ಬಿಟ್ಟು ಬೇರೆ ಯಾವ ಗಿಡದ ಮಣ್ಣನ್ನೂ ಈಗ ಬದಲಾಯಿಸಬೇಡಿ. ಬೇರು ಕತ್ತರಿಸುವುದು, ಜಾಗ ಬದಲಾಗುವುದು, ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಗಿಡಕ್ಕೆ ಕಷ್ಟ.

ಇನ್ನು ಕೊಡುವುದು. ಕೊನೇ ವಾರದ ತನಕ ಕಾಯಬೇಡಿ. ಮೊದಲ ತಿಂಗಳಲ್ಲೇ ಕೊಡಲು ಶುರು ಮಾಡಿ. ಆಗ ಅವರಿಗೆ ಏನಾದರೂ ಅನುಮಾನ ಬಂದರೆ ಗಿಡ ಹಿಡಿದುಕೊಂಡು ನಿಮ್ಮಲ್ಲಿಗೇ ಬರಬಹುದು. ಕೇಳಿದವರಿಗೆಲ್ಲ ಕೊಡಬೇಡಿ. ಮನೆಗೆ ಕರೆಯಿರಿ, ತಾರಸಿಗೆ ಕರೆದುಕೊಂಡು ಹೋಗಿ, ನೀರಿನ ಕ್ಯಾನ್ ಕೈಗೆ ಕೊಡಿ. ಕುಂಡದ ತಳದಿಂದ ನೀರು ಇಳಿಯುವವರೆಗೆ ಕಾಯುವ ತಾಳ್ಮೆ ಇರುವವರು ಗೊತ್ತಾಗಿಬಿಡುತ್ತಾರೆ. ನಾನು ಒಮ್ಮೆ ಒಂದು ಬೋಗನ್‌ವಿಲ್ಲಾವನ್ನು ತುಂಬಾ ಪ್ರೀತಿಯಿಂದ ಒಬ್ಬರಿಗೆ ಕೊಟ್ಟೆ. ಅವರೂ ಅಷ್ಟೇ ಪ್ರೀತಿಯಿಂದ ಅದನ್ನು ಹಾಲ್‌ನ ಮೇಜಿನ ಮೇಲಿಟ್ಟರು. ಎಲೆಯೆಲ್ಲ ಉದುರಿಹೋಯಿತು. ಬಿಸಿಲು ಬೇಕು ಅಂತ ನಾನು ಹೇಳಿಯೇ ಇರಲಿಲ್ಲ, ತಪ್ಪು ನನ್ನದೇ.

ಅವತ್ತಿನಿಂದ ಪ್ರತಿ ಗಿಡದ ಜೊತೆ ಒಂದು ಚೀಟಿ ಕೊಡುತ್ತೇನೆ. ಗಿಡದ ಹೆಸರು, ಶುರು ಮಾಡಿದ ವರ್ಷ, ಕೊನೆಯ ಸಲ ಮಣ್ಣು ಬದಲಾಯಿಸಿದ್ದು ಯಾವಾಗ, ಎಷ್ಟು ಬಿಸಿಲು ಬೇಕು. ಕೆಳಗೆ ಎರಡು ಸಾಲು ಅದರ ಕಥೆ. ಕಥೆ ಯಾಕೆ ಅಂದರೆ, 1976ರಲ್ಲಿ ಜಪಾನ್ ಅಮೆರಿಕಕ್ಕೆ 53 ಬೋನ್ಸಾಯ್‌ಗಳನ್ನು ಉಡುಗೊರೆ ಕೊಟ್ಟಿತು. ಅದರಲ್ಲಿ ಮಸಾರು ಯಮಾಕಿ ಎಂಬ ಬೆಳೆಗಾರರು ಕೊಟ್ಟ ಒಂದು ಬಿಳಿ ಪೈನ್ ಇತ್ತು. ಅದನ್ನು ಬೋನ್ಸಾಯ್ ಆಗಿ ಬೆಳೆಸಲು ತೊಡಗಿದ್ದು 1625ರಲ್ಲಿ ಅನ್ನುತ್ತಾರೆ. ಅದು 1945ರಲ್ಲಿ ಹಿರೋಶಿಮಾದ ಬಾಂಬಿನಿಂದ ಉಳಿದುಬಂದ ಮರ ಎಂಬುದು ವಾಷಿಂಗ್ಟನ್ನಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಗೊತ್ತಾದದ್ದು 2001ರಲ್ಲಿ, ಯಮಾಕಿಯವರ ಮೊಮ್ಮಕ್ಕಳು ಮರವನ್ನು ಹುಡುಕಿಕೊಂಡು ಬಂದಾಗ. ನಮ್ಮ ಗಿಡಗಳಿಗೆ ಅಷ್ಟು ದೊಡ್ಡ ಕಥೆ ಇಲ್ಲದಿರಬಹುದು. ಆದರೂ "ಈ ಕೊಂಬೆ ಗಾಳಿಗೆ ಮುರಿದಿತ್ತು, ಕಟ್ಟಿ ಉಳಿಸಿದೆ" ಅಂತ ಬರೆದು ಕೊಟ್ಟರೆ, ತಗೊಂಡವರು ಆ ಕೊಂಬೆಯನ್ನು ಕತ್ತರಿಸುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ.

ಕೊಡುವ ಮುನ್ನ ತಂತಿ ತೆಗೆಯಿರಿ. ಬಿಚ್ಚಲು ಹೋಗಬೇಡಿ, ರೆಂಬೆ ಮುರಿಯುತ್ತದೆ. ಕಟರ್‌ನಿಂದ ತುಂಡು ತುಂಡಾಗಿ ಕತ್ತರಿಸಿ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಪೂರ್ತಿ ಹೋಗುವವರೆಗೆ ಆ ಗಿಡವನ್ನು ಕೊಡಲೂ ಬೇಡಿ, ಒಯ್ಯಲೂ ಬೇಡಿ. ಕುಂಡವನ್ನು ಗಿಡದ ಜೊತೆಗೇ ಕೊಟ್ಟುಬಿಡಿ.

ಹೊರಡುವ ಹಿಂದಿನ ದಿನ ನೀರು ಹಾಕಿ, ಹೊರಡುವ ಬೆಳಿಗ್ಗೆಯೇ ಹಾಕಿದರೆ ಕುಂಡ ಭಾರ, ಕೆಸರು. ಮಣ್ಣಿನ ಮೇಲೆ ಬಟ್ಟೆ ಹಾಸಿ ಕುಂಡಕ್ಕೆ ಸೇರಿಸಿ ಕಟ್ಟಿ. ಕ್ರೇಟಿನಲ್ಲಿಟ್ಟು ಸುತ್ತ ಹಳೇ ಪೇಪರ್ ತುರುಕಿ. ತೆರೆದ ಗಾಡಿಯಲ್ಲಿ ಬೇಡ, ಗಾಳಿಗೆ ಎಲೆ ಸುಟ್ಟಂತಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೂ ಬೇಡ. ಪ್ರತಿ ಕುಂಡದಲ್ಲಿ ಈಗ ಬಿಸಿಲಿಗೆ ಮುಖ ಮಾಡಿರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲೂ ಹಾಗೇ ಇಡಿ. ಆಲ ಸ್ವಲ್ಪ ಎಲೆ ಉದುರಿಸಬಹುದು. ಗಾಬರಿಯಾಗಿ ಗೊಬ್ಬರ ಹಾಕಬೇಡಿ, ಹೊಸ ಚಿಗುರು ಬರುವವರೆಗೆ ಕತ್ತರಿಯನ್ನೂ ಮುಟ್ಟಬೇಡಿ.

ಪ್ರಶ್ನೆ: ಬೋನ್ಸಾಯ್ ಆಲವನ್ನು ತಗೊಳ್ಳುವವರು ಸಿಗಲಿಲ್ಲ. ಮನೆ ಬಿಡುವ ಮುಂಚೆ ಕಾಂಪೌಂಡಿನ ಮೂಲೆಯಲ್ಲಿ ನೆಟ್ಟು ಹೋಗಬಹುದೇ? ಕುಳ್ಳಗೇ ಉಳಿಯುತ್ತದೆಯೇ?
— ಇನ್ನೊಬ್ಬ ಓದುಗರು

ಉತ್ತರ: ಉಳಿಯುವುದಿಲ್ಲ. ಬೋನ್ಸಾಯ್ ಅಂದರೆ ಬೇರೆ ಕುಳ್ಳ ತಳಿಯಲ್ಲ, ಅದೇ ಆಲ. ಕುಂಡ ಮತ್ತು ಕತ್ತರಿ ಅದನ್ನು ಹಿಡಿದಿಟ್ಟಿರುತ್ತವೆ, ಅಷ್ಟೇ. ನೆಲಕ್ಕೆ ಬಿದ್ದರೆ ಪೂರ್ತಿ ಮರವಾಗುತ್ತದೆ, ಬೇರು ಗೋಡೆಯನ್ನೂ ಪೈಪನ್ನೂ ಸೀಳುತ್ತದೆ. ಕಾಂಪೌಂಡಿನ ಮೂಲೆ ಖಂಡಿತ ಬೇಡ. ಕಟ್ಟಡಗಳಿಂದ ದೂರ ಬಯಲು ಇದ್ದು, ಆ ಜಾಗದವರು ಒಪ್ಪಿದರೆ ಮಾತ್ರ ನೆಡಿ. ನೆಡುವಾಗ ಕುಂಡದೊಳಗೆ ಸುತ್ತಿಕೊಂಡಿರುವ ಬೇರನ್ನು ನಿಧಾನವಾಗಿ ಬಿಡಿಸಿ, ಎಲ್ಲ ಕಡೆಗೂ ಹರಡಿ ಮಣ್ಣು ಮುಚ್ಚಿ.