ಸಾಡೇಸಾತಿ ಅಂದರೆ ಕೆಟ್ಟ ಕಾಲನಾ? ಶನಿ ನಿಜಕ್ಕೂ ಏನು ಮಾಡುತ್ತಾನೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಹುಟ್ಟಿದ್ದು 1996ರ ಡಿಸೆಂಬರಿನಲ್ಲಿ, ಮೀನ ರಾಶಿ, ಉತ್ತರಾಭಾದ್ರ ನಕ್ಷತ್ರ. ಈಗ ಸಾಡೇಸಾತಿ ನಡೀತಿದೆ, ಅದು ಮುಗಿಯುವವರೆಗೆ ಮದುವೆಯೂ ಇಲ್ಲ, ಒಳ್ಳೆ ಕೆಲಸವೂ ಇಲ್ಲ ಅಂತ ಜ್ಯೋತಿಷಿಯೊಬ್ಬರು ಹೇಳಿದ್ದಾರೆ. ನೀಲ ರತ್ನದ ಉಂಗುರ ಮಾಡಿಸಿಕೊಳ್ಳಿ ಅಂತಲೂ ಅಂದಿದ್ದಾರೆ. ಶನಿ ಅಷ್ಟೊಂದು ಕೆಟ್ಟ ಗ್ರಹನಾ ಅಂತ ಕೇಳಿದ್ದೀರಿ.

ಉಂಗುರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು. ಆಕಾಶದಲ್ಲಿರುವ ಗ್ರಹ ಇಲ್ಲಿ ಯಾರದೋ ಮದುವೆ ನಿಲ್ಲಿಸುತ್ತದೆ ಅನ್ನೋದಕ್ಕೆ ವಿಜ್ಞಾನದಲ್ಲಿ ಆಧಾರ ಇಲ್ಲ. ನಾನು ಜಾತಕ ನೋಡುವವನೇ, ಆದರೂ ಅದನ್ನು ಮುಚ್ಚಿಡುವುದಿಲ್ಲ. ನೀವು ಕೇಳಿರುವುದು ಶಾಸ್ತ್ರದ ಒಳಗಿನ ಪ್ರಶ್ನೆ, ಹಾಗಾಗಿ ಅದರ ಒಳಗೇ ನಿಂತು ಹೇಳುತ್ತೇನೆ. ತಮಾಷೆ ಏನಂದರೆ, ನಿಮ್ಮನ್ನು ಹೆದರಿಸಿದ ಮಾತು ಶಾಸ್ತ್ರದ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಲೆಕ್ಕ ಸುಲಭ. ಶನಿ 12 ರಾಶಿ ಸುತ್ತೋದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುತ್ತಾನೆ. ಒಂದು ರಾಶಿಗೆ ಹೆಚ್ಚೂಕಡಿಮೆ ಎರಡೂವರೆ ವರ್ಷ. ಹುಟ್ಟಿದಾಗ ಚಂದ್ರ ಇದ್ದ ರಾಶಿಯೇ ಜನ್ಮರಾಶಿ. ಅದರ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ, ಹೀಗೆ ಮೂರು ಸೇರಿದರೆ ಏಳೂವರೆ. ಅದೇ ಸಾಡೇಸಾತಿ. ಅಂದರೆ ಯಾವ ದಿನ ನೋಡಿದರೂ 12ರಲ್ಲಿ 3 ರಾಶಿಯವರಿಗೆ ಸಾಡೇಸಾತಿ ಇದ್ದೇ ಇರುತ್ತದೆ. ಈಗ ಶನಿ ಮೀನದಲ್ಲಿದ್ದಾನೆ. ಕುಂಭ, ಮೀನ, ಮೇಷದವರಿಗೆ ಸಾಡೇಸಾತಿ, ತಮ್ಮ ರಾಶಿಯಿಂದ ಎಣಿಸಿದರೆ 8ನೇದು ಅಂತ ಸಿಂಹದವರಿಗೆ ಅಷ್ಟಮ ಶನಿ, 5ನೇದು ಅಂತ ವೃಶ್ಚಿಕದವರಿಗೆ ಪಂಚಮ ಶನಿ, 4ನೇದು ಅಂತ ಧನುವಿನವರಿಗೆ ಅರ್ಧಾಷ್ಟಮ ಶನಿ. ಅಲ್ಲಿಗೆ ಆರು ರಾಶಿ ಆಯಿತು. ಊರಲ್ಲಿ ಅರ್ಧ ಜನಕ್ಕೆ ಶನಿಕಾಟ! ಹಾಗಂತ ಈ ವರ್ಷ ಕಲ್ಯಾಣ ಮಂಟಪಗಳೇನಾದರೂ ಅರ್ಧ ಖಾಲಿ ಬಿದ್ದಿವೆಯಾ?

ಹಾಗಾದರೆ ಶನಿಗೆ ಈ ಹೆಸರು ಯಾಕೆ ಬಂತು? ನನ್ನ ಪ್ರಕಾರ ಇದರ ಬೇರು ಹಿಂದಿನವರು ಬರಿಗಣ್ಣಿನಲ್ಲಿ ಏನು ನೋಡಿದರು ಅನ್ನೋದರಲ್ಲಿದೆ. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಗ್ರಹಗಳಲ್ಲಿ ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ನಿಧಾನದ್ದು ಇದೇ. ಚಂದ್ರ ಒಂದು ರಾಶಿಯನ್ನು ಎರಡೂಕಾಲು ದಿನದಲ್ಲಿ ದಾಟುತ್ತಾನೆ, ಇವನು ಎರಡೂವರೆ ವರ್ಷ ಅಲ್ಲೇ ಕೂರುತ್ತಾನೆ. ಶುಕ್ರನ ಹಾಗೆ ಫಳಫಳ ಹೊಳೆಯುವುದೂ ಇಲ್ಲ, ಮಂಕು ಹಳದಿ ಬೆಳಕು. ಅದರ ಬಳೆಗಳು ಯಾರಿಗೂ ಗೊತ್ತಿರಲಿಲ್ಲ. 1610ರಲ್ಲಿ ಗೆಲಿಲಿಯೊ ದೂರದರ್ಶಕ ಹಿಡಿದಾಗಲೂ ಅವು ಬಳೆ ಅಂತ ಗೊತ್ತಾಗಲಿಲ್ಲ. ಹಾಗಾಗಿ ಶನಿ ಅಂದರೆ ನಿಧಾನ, ದೂರ, ಮಂಕು, ಚಳಿ. ಕಾರಕತ್ವಗಳೆಲ್ಲ, ಅಂದರೆ ಶಾಸ್ತ್ರ ಶನಿಯ ಪಾಲಿಗೆ ಬಿಟ್ಟ ವಿಷಯಗಳೆಲ್ಲ, ಇಲ್ಲಿಂದಲೇ ಹುಟ್ಟಿದವು ಅನ್ನಿಸುತ್ತದೆ: ತಡ, ಮುಪ್ಪು, ಆಯುಸ್ಸು, ಕಾಲುನೋವು, ಕೂಲಿ, ಕಬ್ಬಿಣ, ಎಳ್ಳೆಣ್ಣೆ, ಕಪ್ಪು ಬಟ್ಟೆ, ಕಾಗೆ, ಪಡುವಣ ದಿಕ್ಕು. ಪುರಾಣದಲ್ಲಿ ಅವನಿಗೆ ಕಾಲು ಕುಂಟು. ನಿಧಾನಕ್ಕೆ ಒಂದು ಕಾರಣ ಬೇಕಲ್ಲ!

ಅಪ್ಪ ಸೂರ್ಯನಿಗೂ ಇವನಿಗೂ ಆಗಿಬರುವುದಿಲ್ಲ ಅನ್ನೋದು ಬರೀ ಕಥೆಯಲ್ಲ, ರಾಶಿಚಕ್ರದಲ್ಲೇ ಕೂತಿದೆ. ಸೂರ್ಯನ ಸ್ವಂತ ಮನೆ ಸಿಂಹ, ಅದಕ್ಕೆ ನೇರ ಎದುರು ಶನಿಯ ಕುಂಭ. ಚಂದ್ರನ ಕರ್ಕಾಟಕಕ್ಕೆ ಎದುರು ಶನಿಯ ಮಕರ. ಸೂರ್ಯ ಮೇಷದಲ್ಲಿ ಉಚ್ಚ, ಅಂದರೆ ಬಲ ಜಾಸ್ತಿ; ಶನಿಗೆ ಅದೇ ನೀಚ, ಬಲ ಕಡಿಮೆ. ಶನಿ ತುಲೆಯಲ್ಲಿ ಉಚ್ಚ, ಸೂರ್ಯನಿಗೆ ಅದೇ ನೀಚ. ಹಳೇ ಕಾಲದ ಜ್ಯೋತಿಷಿ ವರಾಹಮಿಹಿರ ತನ್ನ ಬೃಹಜ್ಜಾತಕ ಗ್ರಂಥದಲ್ಲಿ ಗ್ರಹಗಳಿಗೊಂದು ದರ್ಬಾರು ಕಟ್ಟಿದ್ದಾನೆ. ಸೂರ್ಯ ಚಂದ್ರರು ರಾಜರು, ಕುಜ ಸೇನಾಪತಿ, ಬುಧ ಯುವರಾಜ, ಗುರು ಶುಕ್ರರು ಮಂತ್ರಿಗಳು. ಕೊನೆಗೆ ಉಳಿದವನು ಶನಿ, ಅವನು ಆಳು. ಅಲ್ಲೇ ಸುಖಕ್ಕೆ ಗುರುವನ್ನು ಹೇಳಿ ದುಃಖವನ್ನು ಶನಿಗೆ ಕೊಟ್ಟಿದ್ದಾನೆ. ಯಾರು ಮೈ ಬಗ್ಗಿಸಿ ದುಡಿಯುತ್ತಾರೋ ದುಃಖವೂ ಅವರ ಪಾಲಿಗೆ! ಸಮಾಜ ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದನ್ನೆಲ್ಲ ನಮ್ಮ ಹಳ್ಳಿಗಳ ಜನ ಗ್ರಂಥ ಓದಿ ತಿಳಿದುಕೊಂಡಿದ್ದಲ್ಲ, ರಾತ್ರಿಯಿಡೀ ನಾಟಕ ನೋಡಿ ತಿಳಿದುಕೊಂಡಿದ್ದು. ತುಮಕೂರು, ಮಂಡ್ಯ, ರಾಮನಗರದ ಕಡೆ ಶನಿಮಹಾತ್ಮೆ ನಾಟಕ ಅಂದರೆ ಸುಮ್ನೆ ಮನರಂಜನೆ ಅಲ್ಲ, ಹರಕೆಯೂ ಹೌದು. ಮೊದಲು ಪೂಜೆ ಆಗಬೇಕು, ಕಾಯಿ ಒಡೆಯಬೇಕು, ಆಮೇಲೇ ಹಾರ್ಮೋನಿಯಂ. ಶನಿಯ ಪಾತ್ರಧಾರಿ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಅಜ್ಜಿಯರು ಕೈ ಮುಗಿಯುತ್ತಾರೆ.

ಕಥೆ ನಿಮಗೂ ಗೊತ್ತಿರಬಹುದು. ವಿಕ್ರಮರಾಜನ ಸಭೆಯಲ್ಲಿ ಯಾವ ಗ್ರಹ ದೊಡ್ಡದು ಅಂತ ಚರ್ಚೆ ನಡೆಯುತ್ತದೆ. ರಾಜ ಶನಿಯ ಬಗ್ಗೆ ಹಗುರವಾಗಿ ಮಾತಾಡುತ್ತಾನೆ. ಶನಿಯ ಕಿವಿಗೆ ಅದು ಬೀಳುತ್ತದೆ. ಕುದುರೆ ವ್ಯಾಪಾರಿಯ ವೇಷದಲ್ಲಿ ಬಂದು ಒಂದು ಕುದುರೆ ತೋರಿಸುತ್ತಾನೆ, ರಾಜ ಹತ್ತಿದ ಕೂಡಲೇ ಅದು ಅವನನ್ನು ಎಲ್ಲೋ ದೂರದ ಕಾಡಿಗೆ ಒಯ್ದು ಬಿಡುತ್ತದೆ. ಗೊತ್ತಿಲ್ಲದ ಊರಿನಲ್ಲಿ ಒಬ್ಬ ಶೆಟ್ಟರ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಅಲ್ಲಿ ಗೋಡೆಯ ಮೇಲೆ ಬರೆದ ಹಂಸದ ಚಿತ್ರ ಗೂಟಕ್ಕೆ ಹಾಕಿದ್ದ ಮುತ್ತಿನ ಹಾರವನ್ನು ನುಂಗಿಬಿಡುತ್ತದೆ. ಚಿತ್ರ ನುಂಗಿತು ಅಂದರೆ ಯಾರು ನಂಬುತ್ತಾರೆ? ಕಳ್ಳ ಅಂತ ಕೈಕಾಲು ಕಡಿಸುತ್ತಾರೆ. ಒಬ್ಬ ಗಾಣಿಗ ಕರುಣೆಯಿಂದ ಕರೆದುಕೊಂಡು ಹೋಗಿ ಗಾಣದ ಮೇಲೆ ಕೂರಿಸುತ್ತಾನೆ, ಎತ್ತು ಹೊಡೆಯುವ ಕೆಲಸ. ಒಂದು ರಾತ್ರಿ ಅವನು ಹಾಡಿದ ರಾಗಕ್ಕೆ ಊರಿನ ದೀಪಗಳೆಲ್ಲ ತಾವಾಗಿಯೇ ಹತ್ತಿಕೊಳ್ಳುತ್ತವೆ, ರಾಜಕುಮಾರಿ ಅವನನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿಯುತ್ತಾಳೆ. ಏಳೂವರೆ ವರ್ಷ ತುಂಬುತ್ತದೆ, ಕೈಕಾಲು ಮರಳುತ್ತವೆ.

ಸ್ವಲ್ಪ ಗಮನಿಸಿ. ಕಾಲು ಹೋಯಿತು, ಶನಿಯದು. ಎಣ್ಣೆಗಾಣ, ಶನಿಯದು. ರಾಜ ಕೂಲಿಯಾದ, ಅದೂ ಶನಿಯದೇ. ಮಾಡದ ತಪ್ಪಿಗೆ ಶಿಕ್ಷೆ, ಯಾರೂ ನಂಬದ ಸತ್ಯ, ಬರೀ ಕಾಯುವುದು. ಪುಸ್ತಕದಲ್ಲಿ ಪಟ್ಟಿ ಮಾಡಿರುವ ಕಾರಕತ್ವವೆಲ್ಲ ಕಥೆಯಾಗಿ ಇಳಿದಿದೆ. ಇನ್ನೊಂದು ವಿಷಯ ಜ್ಯೋತಿಷಿಗಳು ಯಾಕೋ ಹೇಳುವುದೇ ಇಲ್ಲ: ಆ ಕಥೆಯಲ್ಲಿ ವಿಕ್ರಮನಿಗೆ ರಾಜಕುಮಾರಿ ಒಲಿಯುವುದು ಸಾಡೇಸಾತಿಯ ಒಳಗೇ, ಅದು ಮುಗಿದ ಮೇಲಲ್ಲ. ನಿಮ್ಮ ಮದುವೆಗೆ ಅಡ್ಡ ಅಂದವರಿಗೆ ಈ ನಾಟಕ ತೋರಿಸಬೇಕು.

ಈಗ ನಿಮ್ಮ ಜಾತಕ. ನೀವು ಹುಟ್ಟಿದಾಗ ಶನಿ ಇದ್ದಿದ್ದು ಮೀನದಲ್ಲೇ, ನಿಮ್ಮ ಚಂದ್ರನ ಜೊತೆಗೆ. ಇದನ್ನು ವಿಷಯೋಗ ಅಂತ ಕರೆದು ಹೆದರಿಸುವವರು ಇದ್ದಾರೆ, ಹೆಸರು ಕೇಳಿ ಗಾಬರಿ ಬೀಳಬೇಡಿ. ಉತ್ತರಾಭಾದ್ರಕ್ಕೆ ಅಧಿಪತಿಯೂ ಶನಿಯೇ. ವಿಂಶೋತ್ತರಿ ಅಂದರೆ ಆಯುಸ್ಸನ್ನು ಒಂದೊಂದು ಗ್ರಹದ ಕಾಲವಾಗಿ, ಅಂದರೆ ದಶೆಯಾಗಿ, ಹಂಚುವ ಲೆಕ್ಕ. ಹಾಗಾಗಿ ಅದರ ಪ್ರಕಾರ ನೀವು ಹುಟ್ಟಿದ್ದೇ ಶನಿ ದಶೆಯಲ್ಲಿ. ಒಟ್ಟು 120 ವರ್ಷದ ದಶೆಗಳಲ್ಲಿ ಶನಿಗೆ 19 ವರ್ಷ. ಹುಟ್ಟುವಾಗ ಅದರಲ್ಲಿ ಎಷ್ಟು ಉಳಿದಿತ್ತೋ ಅಷ್ಟನ್ನೂ ಶಾಲೆ ಕಾಲೇಜಿಗೆ ಹೋಗುವ ಕಾಲದಲ್ಲೇ ಕಳೆದಿದ್ದೀರಿ. ಆಮೇಲೆ ಬುಧ ದಶೆ 17 ವರ್ಷ, ಕೇತು 7 ವರ್ಷ, ನಂತರ ಶುಕ್ರ. ಈಗ ನಿಮಗೆ ಈ ಮೂರರಲ್ಲಿ ಒಂದು ನಡೀತಿರಬೇಕು. ಗೋಚಾರಕ್ಕಿಂತ, ಅಂದರೆ ಗ್ರಹ ಈಗ ಯಾವ ರಾಶಿಯಲ್ಲಿದೆ ಅನ್ನೋದಕ್ಕಿಂತ, ದಶೆಗೆ ತೂಕ ಜಾಸ್ತಿ ಅನ್ನೋದು ಬಹುತೇಕ ಎಲ್ಲರೂ ಒಪ್ಪುವ ಮಾತು. ನಿಮ್ಮ ಜ್ಯೋತಿಷಿ ದಶೆಯ ಮಾತೇ ಎತ್ತಿಲ್ಲ ಅಂದರೆ ಅವರು ಜಾತಕ ನೋಡಿಲ್ಲ, ರಾಶಿ ಮಾತ್ರ ನೋಡಿದ್ದಾರೆ.

ಲಗ್ನ, ಅಂದರೆ ನೀವು ಹುಟ್ಟಿದ ಹೊತ್ತಿಗೆ ಮೂಡಣದಲ್ಲಿ ಉದಯಿಸುತ್ತಿದ್ದ ರಾಶಿ, ನೀವು ಬರೆದಿಲ್ಲ. ಜಾತಕದ 12 ಮನೆಗಳನ್ನು ಎಣಿಸುವುದು ಅಲ್ಲಿಂದ. ಎಲ್ಲಾ ಇರುವುದು ಅಲ್ಲೇ. ನಿಮ್ಮದು ವೃಷಭ ಲಗ್ನ ಆಗಿದ್ದರೆ ಶನಿ 9 ಮತ್ತು 10ನೇ ಮನೆಯ ಯಜಮಾನ, ಅಂದರೆ ಯೋಗಕಾರಕ, ಒಳ್ಳೆಯದು ಮಾಡುವವನು. 10 ಕೆಲಸದ ಮನೆ. ಅವನು ಕೂತಿರುವ ಮೀನ ನಿಮಗೆ ಲಾಭಸ್ಥಾನ. ಕೆಲಸದ ವಿಷಯದಲ್ಲಿ ಇಂಥ ಶನಿ ಸಿಗಲಿ ಅಂತ ಬೇರೆಯವರು ಆಸೆ ಪಡಬೇಕು. ಅದೇ ಸಿಂಹ ಲಗ್ನ ಆಗಿದ್ದರೆ ಅವನು 6 ಮತ್ತು ಮದುವೆಯ ಮನೆಯಾದ 7ರ ಯಜಮಾನ, ಮೀನ ಅಷ್ಟಮ. ಅಲ್ಲಿ ಮದುವೆ ಸ್ವಲ್ಪ ತಡ ಅಂತ ಯಾರಾದರೂ ಅಂದರೆ ನಾನು ವಾದ ಮಾಡುವುದಿಲ್ಲ. ಒಂದೇ ತಿಂಗಳು, ಒಂದೇ ರಾಶಿ, ಒಂದೇ ನಕ್ಷತ್ರ, ಆದರೂ ಎರಡು ಜಾತಕ ಎರಡು ದಿಕ್ಕು. ಬರೀ ರಾಶಿ ಕೇಳಿ ಫಲ ಹೇಳುವುದು ಈ ಕಾರಣಕ್ಕೇ ನನಗೆ ಸರಿ ಬರುವುದಿಲ್ಲ.

ದಿನಾಂಕದ ಗೊಂದಲವೂ ಇದೆ. ಈಗಿನ ಖಗೋಳ ಲೆಕ್ಕ ಬಳಸುವ ದೃಕ್ ಪಂಚಾಂಗದ ಪ್ರಕಾರ ಶನಿ ಮೀನಕ್ಕೆ ಬಂದಿದ್ದು 2025ರ ಮಾರ್ಚ್ 29ಕ್ಕೆ. ಹಳೇ ಸೂತ್ರಗಳನ್ನೇ ಬಳಸುವ ವಾಕ್ಯ ಪಂಚಾಂಗದ ಲೆಕ್ಕ ಬೇರೆ. ಕಾರೈಕಾಲ್ ಹತ್ತಿರದ ತಿರುನಳ್ಳಾರಿನ ಶನಿ ಕ್ಷೇತ್ರದಲ್ಲಿ ವಾಕ್ಯವೇ ನಡೆಯೋದು, ಅಲ್ಲಿ ಕುಂಭ ಪ್ರವೇಶವನ್ನು 2023ರ ಡಿಸೆಂಬರ್ 20ಕ್ಕೆ ಆಚರಿಸಿದರು, ದೃಕ್ ಲೆಕ್ಕದಲ್ಲಿ ಅದು ಅದೇ ವರ್ಷದ ಜನವರಿಯಲ್ಲೇ ಆಗಿಹೋಗಿತ್ತು. ಅದಕ್ಕೇ ತಮಿಳುನಾಡಿನ ನೆಂಟರು ಒಂದು ಹೇಳಿ, ನಿಮ್ಮ ಮೊಬೈಲ್ ಆ್ಯಪ್ ಇನ್ನೊಂದು ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ದೃಕ್ ಪ್ರಕಾರ 2027ರ ಜೂನ್‌ನಲ್ಲಿ ಶನಿ ಮೇಷಕ್ಕೆ ಹೋಗಿ, ವಕ್ರಿಯಾಗಿ, ಅಂದರೆ ಹಿಂದಕ್ಕೆ ನಡೆದು, ಕೆಲವು ತಿಂಗಳು ಮೀನಕ್ಕೆ ಮರಳುತ್ತಾನೆ. ನಿಮ್ಮ ಸಾಡೇಸಾತಿ ಪೂರ್ತಿ ಮುಗಿಯುವುದು 2030ರಲ್ಲಿ. ಅಷ್ಟು ವರ್ಷ ಮದುವೆ ಮುಂದೂಡಿ ಅಂತ ಯಾವ ಹಳೇ ಗ್ರಂಥವೂ ಹೇಳಿರುವುದನ್ನು ನಾನು ಓದಿಲ್ಲ.

ಪರಿಹಾರದ ಬಗ್ಗೆ. ನಂಬಿಕೆ ಇದ್ದರೆ ಶನಿಯ ಗುಡಿಯಿರುವ ಪಾವಗಡಕ್ಕೋ ದೊಡ್ಡಬಳ್ಳಾಪುರದ ಹತ್ತಿರದ ಚಿಕ್ಕಮಧುರೆಗೋ ಒಂದು ಶನಿವಾರ ಹೋಗಿ ಬನ್ನಿ. ಅಷ್ಟು ದೂರ ಬೇಡ ಅನ್ನಿಸಿದರೆ ಮನೆ ಹತ್ತಿರದ ಆಂಜನೇಯನ ಗುಡಿ ಸಾಕು. ಎಳ್ಳು ಬತ್ತಿ ಹಚ್ಚುವುದನ್ನು ನೋಡಿರುತ್ತೀರಿ. ಕಪ್ಪು ಬಟ್ಟೆಯ ಚೂರಿಗೆ ಒಂದು ಚಮಚ ಕರಿ ಎಳ್ಳು ಹಾಕಿ ದಾರದಿಂದ ಗಂಟು ಕಟ್ಟಿ, ಎಳ್ಳೆಣ್ಣೆಯಲ್ಲಿ ನೆನೆಸಿ, ಹಣತೆಯಲ್ಲಿಟ್ಟು ಹಚ್ಚುತ್ತಾರೆ. ಹತ್ತಿ ಬತ್ತಿಯ ಹಾಗೆ ಅದು ತಕ್ಷಣ ಹತ್ತುವುದಿಲ್ಲ. ಮೊದಲು ಹೊಗೆ, ಆಮೇಲೆ ಚಟಪಟ ಸದ್ದು, ಆಮೇಲೆ ಉರಿ. ಶನಿವಾರ ಸಂಜೆ ಗುಡಿಯಲ್ಲಿ ನಿಂತರೆ ಬಟ್ಟೆಗೆಲ್ಲ ಅದೇ ವಾಸನೆ. ಇದಕ್ಕೆ ಖರ್ಚು ಜಾಸ್ತಿ ಏನಿಲ್ಲ. ಎಳ್ಳು ದಾನ, ಕಂಬಳಿ ದಾನ, ಕಾಲಿಲ್ಲದವರಿಗೆ, ಕೂಲಿಯವರಿಗೆ ಕೈಲಾದಷ್ಟು ಕೊಡುವುದು, ಇವೆಲ್ಲ ಹಳೇ ಪದ್ಧತಿ. ಅವನ ಜನಕ್ಕೆ ಕೊಟ್ಟರೆ ಅವನಿಗೇ ಕೊಟ್ಟ ಹಾಗೆ ಅನ್ನೋ ಭಾವನೆ. ನಿಮ್ಮ ಮನೆಗೆಲಸದವರ ಸಂಬಳ ಬಾಕಿ ಇದ್ದರೆ ಮೊದಲು ಅದನ್ನು ಕೊಡಿ, ಪೂಜೆ ಆಮೇಲೆ.

ನೀಲದ ಕಥೆ ಬೇರೆ. ರತ್ನ ಹಾಕೋದು ಗ್ರಹಕ್ಕೆ ಬಲ ತುಂಬೋದಕ್ಕೆ. ಶನಿ ಕಾಡುತ್ತಿದ್ದಾನೆ ಅಂತ ಹೇಳಿ, ಅವನಿಗೇ ಇನ್ನಷ್ಟು ಬಲ ಕೊಡಿ ಅನ್ನೋದು ಯಾವ ತರ್ಕ? ಶನಿ ಲಗ್ನಾಧಿಪತಿಯೋ ಯೋಗಕಾರಕನೋ ಆಗಿದ್ದು ದುರ್ಬಲನಾಗಿದ್ದರೆ ನೀಲ ಹೇಳುವವರಿದ್ದಾರೆ, ಅದಕ್ಕೊಂದು ಅರ್ಥ ಇದೆ. ಸಾಡೇಸಾತಿ ಅಂದ ಮಾತ್ರಕ್ಕೆ ನೀಲ ಅಂದರೆ ಅದು ಬರೀ ವ್ಯಾಪಾರ. ಒಳ್ಳೆ ನೀಲ ಅಗ್ಗದ ಕಲ್ಲೂ ಅಲ್ಲ, ಮದುವೆಗೆ ಅಂತ ಕೂಡಿಟ್ಟ ದುಡ್ಡನ್ನು ಅದಕ್ಕೆ ಸುರಿಯಬೇಡಿ.

ಆ ಜ್ಯೋತಿಷಿಯ ಹತ್ತಿರ ಮತ್ತೆ ಹೋಗುವುದಾದರೆ ಎರಡೇ ಪ್ರಶ್ನೆ ಕೇಳಿ. ನನ್ನ ಲಗ್ನಕ್ಕೆ ಶನಿ ಯಾವ ಮನೆಗಳ ಯಜಮಾನ? ಶನಿಯ ಅಷ್ಟಕವರ್ಗದಲ್ಲಿ, ಅಂದರೆ ಪ್ರತಿ ರಾಶಿಗೂ 8ಕ್ಕೆ ಇಷ್ಟು ಅಂತ ಅಂಕ ಕೊಡುವ ಪಟ್ಟಿಯಲ್ಲಿ, ಮೀನಕ್ಕೆ ಎಷ್ಟು ಬಿಂದು ಬಂದಿದೆ? 8ಕ್ಕೆ 4 ಅಥವಾ ಜಾಸ್ತಿ ಇದ್ದರೆ ಮೀನದ ಶನಿ ನಿಮ್ಮನ್ನು ಅಷ್ಟೇನೂ ಹಿಂಡುವುದಿಲ್ಲ ಅಂತ ಅವರದೇ ಶಾಸ್ತ್ರ ಹೇಳುತ್ತದೆ. ಈ ಎರಡಕ್ಕೂ ಉತ್ತರ ಕೊಡದೆ ಮತ್ತೆ ಉಂಗುರದ ರೇಟಿಗೇ ಬಂದರೆ, ದಕ್ಷಿಣೆ ಇಟ್ಟು ಎದ್ದು ಬನ್ನಿ.