ಸ್ಥಳೀಯ ಸಂಸ್ಥೆಗಳ ಪರ ವಕೀಲಿಕೆ: ಸೇರಬಹುದಾ, ಬೋರ್ ಆಗುತ್ತಾ?

ಲಾ ಮುಗಿಸಿದ್ದೇನೆ, ಪಾಲಿಕೆ, ಪುರಸಭೆಗಳ ಕೇಸುಗಳನ್ನಷ್ಟೇ ನೋಡುವ ಲಾ ಫರ್ಮ್‌ನಲ್ಲಿ ಕೆಲಸ ಸಿಕ್ಕಿದೆ, ಬೋರ್ ಆಗುತ್ತಾ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಆಫೀಸಿನಲ್ಲಿದ್ದೇನೆ. ಧೈರ್ಯವಾಗಿ ಸೇರಿ. ಆದರೆ ಕೋರ್ಟಿನಲ್ಲಿ ನಿಂತು ವಾದಿಸುವ ಆಸೆಯೊಂದೇ ಇದ್ದರೆ ಇನ್ನೊಮ್ಮೆ ಯೋಚಿಸಿ. ಇಲ್ಲಿ ಜಾಸ್ತಿ ಕೆಲಸ ಕೇಸು ಹುಟ್ಟುವ ಮೊದಲೇ ಇರುತ್ತದೆ.

ಕಾನೂನು ಬೇಡ ಅನ್ನದ ಯಾವ ವ್ಯವಹಾರವನ್ನಾದರೂ ನೀವು, ನಾನು ಮಾಡಬಹುದು. ಸ್ಥಳೀಯ ಸಂಸ್ಥೆಗೆ ಹಾಗಲ್ಲ, ಕಾನೂನು ಕೊಟ್ಟಷ್ಟೇ ಅಧಿಕಾರ. ಹಾಗಾಗಿ ಫೈಲ್ ಬಂದ ಕೂಡಲೇ ನಾವು ಹುಡುಕುವುದು, ಇದನ್ನು ಮಾಡಲು ಇವರಿಗೆ ಯಾವ ಸೆಕ್ಷನ್ ಅಧಿಕಾರ ಕೊಡುತ್ತದೆ ಅಂತ. ಸುಮ್ನೆ ತಕರಾರು ಅಂದುಕೊಳ್ಳಬೇಡಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಅಂಡ್ ಫುಲ್ಹಮ್ ಕೌನ್ಸಿಲ್ ಅನ್ನುವ ಸ್ಥಳೀಯ ಸಂಸ್ಥೆ 1980ರ ದಶಕದಲ್ಲಿ ಬ್ಯಾಂಕುಗಳ ಜೊತೆ ಬಡ್ಡಿದರದ ಸ್ವಾಪ್ ವ್ಯವಹಾರಕ್ಕೆ, ಅಂದರೆ ಬಡ್ಡಿದರದ ಏರಿಳಿತದ ಮೇಲೆ ಪರಸ್ಪರ ಹಣ ಕೊಟ್ಟು ತಗೊಳ್ಳುವ ಒಪ್ಪಂದಗಳಿಗೆ, ಇಳಿದಿತ್ತು. ಕೌನ್ಸಿಲಿಗೆ ಆ ಅಧಿಕಾರವೇ ಇಲ್ಲ ಅಂತ 1991ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಒಪ್ಪಂದಗಳು ಬಿದ್ದುಹೋದವು, ಬ್ಯಾಂಕುಗಳು ಕೈ ಕೈ ಹಿಸುಕಿಕೊಂಡವು. ಆ ಬ್ಯಾಂಕುಗಳಿಗೇನು ವಕೀಲರಿಗೆ ಬರವಿತ್ತಾ? ಅಮೆರಿಕದಲ್ಲೂ ಅಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲ್ಲನ್, ಸ್ಥಳೀಯ ಸಂಸ್ಥೆಗೆ ಕಾನೂನು ಕೊಟ್ಟಷ್ಟೇ ಅಧಿಕಾರ ಅನ್ನುವ ಈ ಮಾತನ್ನು 1868ರಲ್ಲೇ ಹೇಳಿದ್ದರು. ‘ಡಿಲ್ಲನ್ಸ್ ರೂಲ್’ ಹಲವು ರಾಜ್ಯಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಇನ್ನೊಂದು ತಲೆನೋವು, ನಿಮ್ಮ ಕಕ್ಷಿದಾರ ಯಾರು ಅನ್ನೋದು. ಅಧ್ಯಕ್ಷರಲ್ಲ, ಸದಸ್ಯರಲ್ಲ, ಸಂಸ್ಥೆ. ಹೇಳಲು ಸುಲಭ. ರಾತ್ರಿ ಸದಸ್ಯರೊಬ್ಬರು ಫೋನ್ ಮಾಡುತ್ತಾರೆ: “ಸರ್, ನಾಳೆ ಮೀಟಿಂಗಲ್ಲಿ ಆ ಟೆಂಡರ್ ವಿಷಯ ಬರುತ್ತೆ, ನನ್ನ ತಮ್ಮಂದೂ ಒಂದು ಅರ್ಜಿ ಇದೆ. ನಾನು ವೋಟ್ ಹಾಕಬಹುದಾ? ಇದು ನಮ್ಮಿಬ್ಬರಲ್ಲೇ ಇರಲಿ.” ಇಲ್ಲೇ ಎಚ್ಚರ ಬೇಕು. ನೀವು ಅವರ ಸ್ವಂತ ವಕೀಲರಲ್ಲ, ಹಾಗಾಗಿ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬಾರದು. ಅದನ್ನು ಮೊದಲು ಹೇಳಿಬಿಡಿ. ಆಮೇಲೆ, ಸಂಬಂಧ ಇರುವುದನ್ನು ಸಭೆಯಲ್ಲಿ ತಿಳಿಸಿ ಆ ವಿಷಯದಿಂದ ದೂರ ಇರಿ ಅನ್ನಿ. ಎಷ್ಟೋ ಸಲ ಆಚೆಯಿಂದ ಮಾತೇ ಬರೋಲ್ಲ.

ಬರವಣಿಗೆ ಚೆನ್ನಾಗಿರಲಿ. ಠರಾವಿನಲ್ಲಿ ‘ಅನುಮೋದಿಸಲಾಯಿತು’ ಅಂತಿದೆಯೋ ‘ಪರಿಶೀಲಿಸಲು ಒಪ್ಪಲಾಯಿತು’ ಅಂತಿದೆಯೋ, ಅಷ್ಟರ ಮೇಲೇ ಗುತ್ತಿಗೆದಾರ ಕೇಸು ಹಾಕಿಬಿಡಬಹುದು. ಅಜೆಂಡಾದಲ್ಲಿ ಇಲ್ಲದ ವಿಷಯಕ್ಕೆ ಅವಸರದಲ್ಲಿ ಠರಾವು ಮಾಡಿದ್ದರಂತೂ ಎದುರಿನ ವಕೀಲರಿಗೆ ಹಬ್ಬ.

ದುಡ್ಡಿನ ವಿಷಯ: ಕಾರ್ಪೊರೇಟ್ ಫರ್ಮ್‌ಗಳಷ್ಟು ಸಂಬಳ ನಿರೀಕ್ಷಿಸಬೇಡಿ. ಬಿಲ್ಲೂ ಹತ್ತು ಟೇಬಲ್ ಸುತ್ತಿ ಪಾಸಾಗಬೇಕು.

ಸೇರುವ ಮೊದಲು ಒಂದು ಕೇಳಿ ನೋಡಿ: ಈ ಫರ್ಮ್ ಅದೇ ಊರುಗಳಲ್ಲಿ ಬಿಲ್ಡರ್‌ಗಳ ಕೇಸನ್ನೂ ತಗೊಳ್ಳುತ್ತಾ ಅಂತ. ಎರಡೂ ಕಡೆ ಕಾಲಿಟ್ಟರೆ ಸಂಸ್ಥೆಯ ಹಿತಕ್ಕೇ ಧಕ್ಕೆ. ನೇರ ಉತ್ತರ ಬರದಿದ್ದರೆ ನಾನಾದರೆ ಬೇರೆ ಕಡೆ ನೋಡ್ತೀನಿ.