ರಿಪೋರ್ಟ್ ಬರಲಿ ಅಂತ ಕಾಯಬೇಡಿ, ಡಾಕ್ಟ್ರೇ

ಮಳೆ ಹಿಡಿಯಿತೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕ್ಲಿನಿಕ್ಕು, ನರ್ಸಿಂಗ್ ಹೋಂ, ಲ್ಯಾಬ್‌ಗಳಿಂದ ಸೋಂಕುರೋಗಗಳ ಬಗ್ಗೆ, ಅವನ್ನು ಆರೋಗ್ಯ ಇಲಾಖೆಗೆ ತಿಳಿಸುವ ಬಗ್ಗೆ ಬರುವ ಪ್ರಶ್ನೆಗಳು ವರ್ಷವರ್ಷವೂ ಅವೇ. ಕೈ ತೊಳೆಯುವುದು ಹೇಗೆ, ಗ್ಲೌಸ್ ಯಾವಾಗ ಬದಲಿಸಬೇಕು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನೂ ಹೇಳಿಕೊಡಬೇಕೆಂದರೆ ಈ ಅಂಕಣ ನಿಮಗಲ್ಲ.

ಕಾರ್ಡ್ ಟೆಸ್ಟ್‌ನಲ್ಲಿ ಡೆಂಗಿ ಎನ್‌ಎಸ್‌1 (ವೈರಸ್ಸಿನ ಪ್ರೋಟೀನ್) ಪಾಸಿಟಿವ್ ಬಂದಿದೆ. ಕಾರ್ಡನ್ನು ಇಲಾಖೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಎಲೈಸಾದಲ್ಲಿ (ಲ್ಯಾಬಿನ ದೃಢೀಕರಣ ಪರೀಕ್ಷೆ) ಕನ್‌ಫರ್ಮ್ ಆದಮೇಲೆ ತಿಳಿಸಿದರೆ ಸಾಲದೇ? ಸುಮ್ಮನೆ ಊರಲ್ಲಿ ಗಾಬರಿ ಯಾಕೆ?
— ಖಾಸಗಿ ವೈದ್ಯರು, ಚಿಂತಾಮಣಿ

ಸಾಲದು. ಕಾರ್ಡ್ ಪಾಸಿಟಿವ್ ಆದರೆ ಅದು ‘ದೃಢಪಟ್ಟ’ ಪ್ರಕರಣವಲ್ಲ, ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ‘ಸಂಭವನೀಯ’ ಪ್ರಕರಣ. ಅಲ್ಲಿಯವರೆಗೆ ನೀವು ಕೇಳಿದ್ದು ಸರಿ. ಆದರೆ ಸಂಭವನೀಯ ಪ್ರಕರಣ ತಿಳಿಸಬೇಡಿ ಅಂತ ನಿಮಗೆ ಹೇಳಿದವರು ಯಾರು? ರೋಗಗಳ ವರದಿ ಮಾಡುವ ಐಎಚ್‌ಐಪಿ ಪೋರ್ಟಲ್‌ನಲ್ಲಿ ಮೂರು ನಮೂನೆ ಇಟ್ಟಿರುವುದೇ ಅದಕ್ಕೆ. ಲಕ್ಷಣ ನೋಡಿ ತುಂಬುವ ಎಸ್ ನಮೂನೆ ಕ್ಷೇತ್ರ ಸಿಬ್ಬಂದಿಯದು, ಶಂಕೆಯ ಮೇಲೆ ತುಂಬುವ ಪಿ ವೈದ್ಯರದು, ಫಲಿತಾಂಶದ ಮೇಲೆ ತುಂಬುವ ಎಲ್ ಲ್ಯಾಬಿನದು. ನಿಮ್ಮ ಕೆಲಸ ಪಿ. ಎಲ್ ಬರಲಿ ಅಂತ ಕಾಯುವುದು ಬೇರೆಯವರ ಕೆಲಸವನ್ನು ಮೈಮೇಲೆ ಹಾಕಿಕೊಂಡು ನಿಮ್ಮದನ್ನು ಬಿಟ್ಟಂತೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೂ ಈ ವಾದ ನಿಂತಿಲ್ಲ.

ಕಾದರೆ ಏನಾಗುತ್ತದೆ, ದಿನ ಎಣಿಸಿ ನೋಡಿ. ಸೋಮವಾರ ಜ್ವರ ಬಂತು, ಬುಧವಾರ ನಿಮ್ಮಲ್ಲಿಗೆ ಬಂದರು. ಜ್ವರಕ್ಕೆ ಒಂದೆರಡು ದಿನ ಮುಂಚಿನಿಂದ ಸುಮಾರು ಐದನೇ ದಿನದವರೆಗೆ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆ ದಿನಗಳಲ್ಲಿ ಕಚ್ಚಿದ ಈಡಿಸ್ ಸೊಳ್ಳೆ ಇನ್ನೊಬ್ಬರಿಗೆ ಸೋಂಕು ದಾಟಿಸಲು ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ಬುಧವಾರವೇ ತಿಳಿಸಿದರೆ ಆ ಮನೆ, ಸುತ್ತಲಿನ ಮನೆಗಳಲ್ಲಿ ಸೊಳ್ಳೆ ಕೊಲ್ಲಲು, ಲಾರ್ವಾ ಚೆಲ್ಲಿಸಲು ಸಿಬ್ಬಂದಿಗೆ ಹೆಚ್ಚೂಕಡಿಮೆ ಒಂದು ವಾರ ಸಿಗುತ್ತದೆ. ಎಲೈಸಾ ಮಾಡುವವರು ಒಂದೊಂದೇ ಸ್ಯಾಂಪಲ್‌ಗೆ ಪ್ಲೇಟ್ ಹಾಕುವುದಿಲ್ಲ, ಒಂದಷ್ಟು ಸೇರಿದ ಮೇಲೆ ಹಾಕುತ್ತಾರೆ. ರಿಪೋರ್ಟ್ ಮುಂದಿನ ವಾರ ಬರುವಷ್ಟರಲ್ಲಿ ಆ ಅವಧಿ ಕಳೆದಿರುತ್ತದೆ, ಮೊಟ್ಟೆಯಾಗಿದ್ದವು ಹಾರಾಡುತ್ತಿರುತ್ತವೆ. ಗಾಬರಿಯ ಮಾತು ಬಿಡಿ. ಆಶಾ ಬಂದು ಡ್ರಮ್ಮಿನ ನೀರು ಚೆಲ್ಲಿಸಿದರೆ ಯಾವ ಊರೂ ಗಾಬರಿ ಬೀಳುವುದಿಲ್ಲ. ಒಂದೇ ಬೀದಿಯಲ್ಲಿ ಹತ್ತು ಜನ ಮಲಗಿದರೆ ಬೀಳುತ್ತದೆ.

ಇನ್ನು ತಿಳಿಸುವವರು ಏನು ಬರೆಯುತ್ತೀರಿ? ‘ರಮೇಶ್, 34, ಚಿಂತಾಮಣಿ ಟೌನ್’. ಇದನ್ನು ಹಿಡಿದುಕೊಂಡು ಯಾವ ಬೀದಿಗೆ ಹೋಗಬೇಕು? ಈಡಿಸ್ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ದಾಟುವುದೇ ಅಪರೂಪ. ಹಾಗಾಗಿ ಮನೆ ತಪ್ಪಿದರೆ ಎಲ್ಲವೂ ತಪ್ಪಿತು. ವಾರ್ಡ್ ಅಥವಾ ಹಳ್ಳಿ, ಪಂಚಾಯಿತಿ, ಮನೆ ಹತ್ತಿರದ ಗುರುತು, ಕೂಡಲೇ ಎತ್ತುವ ಫೋನ್ ನಂಬರ್ ಇರಲಿ. ಆಧಾರ್ ವಿಳಾಸ ನಕಲು ಮಾಡಬೇಡಿ, ಕಳೆದ ಎರಡು ವಾರ ಎಲ್ಲಿ ಮಲಗುತ್ತಿದ್ದರು ಅಂತ ಕೇಳಿ. ಈ ಸೊಳ್ಳೆ ಹಗಲು ಕಚ್ಚುವಂಥದ್ದು. ಬಂಗಾರಪೇಟೆ, ಮಾಲೂರಿನಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರಾದರೆ ಕೆಲಸದ ಜಾಗವನ್ನೂ ಬರೆಯಿರಿ.

ಎರಡನೆಯ ಎಡವಟ್ಟು ದಿನಾಂಕದ್ದು. ನಮೂನೆಯಲ್ಲಿ ಬೇಕಾದದ್ದು ಜ್ವರ ಶುರುವಾದ ದಿನ, ನಿಮ್ಮ ಒಪಿಡಿ ಚೀಟಿಯ ದಿನವಲ್ಲ. ಯಾವ ಪರೀಕ್ಷೆ ಮಾಡಬೇಕೆಂಬುದೂ ಅದರ ಮೇಲೇ ನಿಂತಿದೆ. ಮೊದಲ ಐದು ದಿನ ಎನ್‌ಎಸ್‌1, ಆಮೇಲೆ ಐಜಿಎಂ (ಸೋಂಕಿನ ವಿರುದ್ಧ ದೇಹದಲ್ಲಿ ತಡವಾಗಿ ಮೂಡುವ ಪ್ರತಿಕಾಯ). ಎರಡನೇ ದಿನ ಐಜಿಎಂ ಮಾಡಿಸಿ ‘ನೆಗೆಟಿವ್, ಡೆಂಗಿ ಅಲ್ಲ’ ಅಂತ ಮನೆಗೆ ಕಳಿಸುವವರಿಗೆ ಏನು ಹೇಳುವುದು!

ಸ್ಯಾಂಪಲ್ ಕೆಡುವುದು ಹೆಚ್ಚಾಗಿ ದಾರಿಯಲ್ಲಲ್ಲ, ನಿಮ್ಮ ಟೇಬಲ್ ಮೇಲೆ. ಪ್ಲೇನ್ ಟ್ಯೂಬ್‌ನಲ್ಲಿ 3ರಿಂದ 5 ಎಂಎಲ್ ರಕ್ತ ತೆಗೆದು ಅರ್ಧ ಗಂಟೆ ಹೊರಗೇ ನಿಲ್ಲಿಸಿ, ಹೆಪ್ಪುಗಟ್ಟಲಿ. ಸೆಂಟ್ರಿಫ್ಯೂಜ್ ಮಾಡಿ ಸೀರಂ ಬೇರ್ಪಡಿಸಿದ ಮೇಲೆ 2–8 ಡಿಗ್ರಿಯಲ್ಲಿಟ್ಟು ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ಕಳಿಸಿ. ಇಡೀ ರಕ್ತವನ್ನು ಫ್ರೀಜರ್‌ಗೆ ತುರುಕಿದರೆ, ಐಸ್‌ಗೆ ತಾಗಿಸಿ ಇಟ್ಟರೆ, ಕೆಂಪುಕಣ ಒಡೆದು ಆ ಸ್ಯಾಂಪಲ್ ಕೆಲಸಕ್ಕೆ ಬಾರದು. ಜ್ವರ ಶುರುವಾದ ದಿನವನ್ನು ಟ್ಯೂಬಿನ ಮೇಲೂ ಬರೆಯಿರಿ.

ರೋಗಿಯನ್ನು ಬೆಂಗಳೂರಿಗೆ ಕಳಿಸುವುದಾದರೆ ರೆಫರಲ್ ಚೀಟಿ ಬರೆಯುವ ಮುಂಚೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ‘ಅಲ್ಲಿನವರು ತಿಳಿಸುತ್ತಾರೆ’ ಅನ್ನಬೇಡಿ. ಅಲ್ಲಿ ನೆಂಟರ ಮನೆ ವಿಳಾಸ ಕೊಟ್ಟಿರುತ್ತಾರೆ, ಸಿಬ್ಬಂದಿ ಅಲ್ಲಿ ಹೋಗಿ ಹುಡುಕುತ್ತಾರೆ, ಸೊಳ್ಳೆ ಇಲ್ಲಿರುತ್ತದೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿದ್ದನ್ನು ಮರೆಯಬೇಡಿ. ಅದನ್ನು ಹರಡುವುದೂ ಈಡಿಸ್ಸೇ.

ಪ್ರಕರಣ ತಿಳಿಸಿದ ತಕ್ಷಣ ಫಾಗಿಂಗ್ ಮಾಡಿಸಬಾರದೇ? ಜನ ಅದನ್ನೇ ಕೇಳುತ್ತಾರೆ.
— ಆರೋಗ್ಯ ಸಿಬ್ಬಂದಿ, ಶಿಡ್ಲಘಟ್ಟ

ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ, ನೀರಿನಲ್ಲಿರುವ ಲಾರ್ವಾವನ್ನಲ್ಲ. ನಿಮ್ಮ ಕಡೆ ಇನ್ನೊಂದು ತೊಂದರೆಯಿದೆ: ರೇಷ್ಮೆ ಹುಳುವಿಗೆ ಆ ಔಷಧಿ ವಿಷ. ಹುಳು ಮನೆ ಪಕ್ಕ ಕೇಳದೆ ಹೊಡೆದರೆ ಮುಂದಿನ ಸಲ ನಿಮ್ಮನ್ನು ಬೀದಿಗೇ ಬಿಡುವುದಿಲ್ಲ. ಬದಲಿಗೆ ಆ ಮನೆಯೊಳಗೆ ಹೋಗಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ಇಟ್ಟ ನೀರಿನ ಬಟ್ಟಲು ನೋಡಿ. ಡ್ರಮ್ಮು, ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು. ನೀರಿನ ಗೆರೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಪ್ಲೇಟ್‌ಲೆಟ್ 40 ಸಾವಿರ. ಮನೆಯವರು ಪಪ್ಪಾಯ ಎಲೆ ರಸ ಕೊಡಲೇ ಅನ್ನುತ್ತಾರೆ.
— ವೈದ್ಯರು, ಗುಬ್ಬಿ

ಬೇಡ. ವಾಂತಿ ನಿಲ್ಲದ ರೋಗಿಗೆ ಕಹಿ ರಸ ಕುಡಿಸಿ ಇನ್ನಷ್ಟು ಒಣಗಿಸುತ್ತಾರೆ. ನೀವೂ ಆ ಒಂದು ಸಂಖ್ಯೆಯನ್ನೇ ನೋಡುತ್ತ ಕೂರಬೇಡಿ. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ಏರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಕಡೆ ಕಣ್ಣಿರಲಿ. ರಕ್ತಸ್ರಾವವಿಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ರಕ್ತಸ್ರಾವ ಹೆಚ್ಚಿಸಬಲ್ಲ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿ ಜ್ವರ ಇಳಿಸುವವರ ಬಗ್ಗೆ ಬರೆಯತೊಡಗಿದರೆ ಈ ಪುಟ ಸಾಲದು.

ಒಂದೇ ವೈಡಾಲ್ (ಟೈಫಾಯ್ಡ್‌ನ ರಕ್ತಪರೀಕ್ಷೆ) ಪಾಸಿಟಿವ್ ಬಂದರೆ ಟೈಫಾಯ್ಡ್ ಅಂತ ತಿಳಿಸಬಹುದೇ?
— ಲ್ಯಾಬ್ ಟೆಕ್ನಿಷಿಯನ್, ತಿಪಟೂರು

ಇಲ್ಲ. ಎಲ್ ನಮೂನೆಗೆ ಕಲ್ಚರ್ (ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬೇಕು. ಆಂಟಿಬಯಾಟಿಕ್‌ಗೆ ಮುಂಚೆ, ದೊಡ್ಡವರಾದರೆ 8–10 ಎಂಎಲ್ ರಕ್ತ. ಜ್ವರ ಬಂದವರಿಗೆಲ್ಲ ವೈಡಾಲ್ ಬರೆಯುವ ವೈದ್ಯರಿಗೊಂದು ಮಾತು: ರೋಗಿಯ ಕಂಕುಳು, ತೊಡೆಸಂದಿ, ಸೊಂಟದ ಪಟ್ಟಿಯ ಜಾಗ ನೋಡಿದ್ದೀರಾ? ಸಿಗರೇಟು ಸುಟ್ಟಂಥ ಕಪ್ಪು ಚಕ್ಕೆಯಿದ್ದರೆ ಅದು ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ, ನೀವು ಕೊಡುವ ಸೆಫ್ಟ್ರಯಾಕ್ಸೋನ್‌ಗೆ ಅಲ್ಲ.

ರೋಗಿ ‘ಯಾರಿಗೂ ಹೇಳಬೇಡಿ’ ಅಂದರೆ?
— ವೈದ್ಯರು, ಕೋಲಾರ

ಅಧಿಸೂಚಿತ ರೋಗಕ್ಕೆ ಒಪ್ಪಿಗೆ ಬೇಕಿಲ್ಲ, ತಿಳಿಸಿ. ಎಚ್‌ಐವಿ ಮಾತ್ರ ಬೇರೆ. ಅದಕ್ಕೆ 2017ರ ಪ್ರತ್ಯೇಕ ಕಾಯ್ದೆಯ ಗೋಪ್ಯತೆಯಿದೆ.

ಕ್ಷಯದ ಮಾತ್ರೆ ಮಾರುವ ಮೆಡಿಕಲ್ ಸ್ಟೋರ್‌ನವರೂ ತಿಳಿಸಬೇಕೇ?
— ಫಾರ್ಮಾಸಿಸ್ಟ್, ಶಿರಾ

ಹೌದು, 2018ರ ಅಧಿಸೂಚನೆಯಲ್ಲಿ ನೀವೂ ಇದ್ದೀರಿ. ಕ್ಷಯರೋಗಿಗಳ ನಿಕ್ಷಯ್ ಪೋರ್ಟಲ್‌ನಲ್ಲಿ ನಮೂದಿಸಿ, ಮಾರಾಟದ ಲೆಕ್ಕವಿಡುವ ಶೆಡ್ಯೂಲ್ ಎಚ್‌1 ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಿ.

ಜಿಬಿಎಸ್ (ಗಿಯಾನ್-ಬಾರೆ ಎಂಬ ನರದ ಕಾಯಿಲೆ) ಅಂತ ಖಚಿತವಾಗಿದೆ. ಎಎಫ್‌ಪಿ (ಪೋಲಿಯೊ ಶಂಕೆಯ ದಿಢೀರ್ ಲಕ್ವ) ಅಂತ ಯಾಕೆ ತಿಳಿಸಬೇಕು?
— ಮಕ್ಕಳ ವೈದ್ಯರು, ಮುಳಬಾಗಿಲು

15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರನೆ ಸೋತು ಮೆತ್ತಗಾದರೆ ನಿಮ್ಮ ಡಯಾಗ್ನೋಸಿಸ್ ಏನೇ ಇರಲಿ, ಅದೇ ದಿನ ತಿಳಿಸಬೇಕು. 24 ಗಂಟೆ ಅಂತರದಲ್ಲಿ ಎರಡು ಮಲದ ಮಾದರಿ, ಲಕ್ವ ಶುರುವಾದ 14 ದಿನದೊಳಗೆ, ಕೋಲ್ಡ್ ಚೈನ್‌ನಲ್ಲಿ. ಖಚಿತವಾಗಿದೆಯೋ ಇಲ್ಲವೋ ತೀರ್ಮಾನಿಸುವುದು ಆಮೇಲಿನ ಮಾತು.

ಸೂಜಿ ಚುಚ್ಚಿಕೊಂಡರೆ ರಕ್ತ ಹಿಂಡಿ ತೆಗೆದು ಸ್ಪಿರಿಟ್ ಹಾಕಬೇಕೇ? ನಮ್ಮಲ್ಲಿ ಹಾಗೇ ಮಾಡುತ್ತಾರೆ.
— ಶುಶ್ರೂಷಕಿ, ಪಾವಗಡ

ಹಿಂಡಬೇಡಿ, ಬೆರಳು ಬಾಯಿಗಿಡಬೇಡಿ, ಸ್ಪಿರಿಟ್ಟೂ ಬೇಡ. ಸೋಪು ನೀರಿನಲ್ಲಿ ತೊಳೆಯಿರಿ, ಅಷ್ಟೇ. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಹೋದರೆ ಒಳ್ಳೆಯದು. 72 ಗಂಟೆ ದಾಟಿದರೆ ಕೊಡುವುದಿಲ್ಲ. ಪಾವಗಡದಿಂದ ತುಮಕೂರಿಗೆ ಹೋಗಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಕೇಳುತ್ತೇನೆ ಅಂತ ಹೊರಡಬೇಡಿ, ಮೊದಲ ಡೋಸ್ ಹತ್ತಿರದ ಆಸ್ಪತ್ರೆಯಲ್ಲೇ ತೆಗೆದುಕೊಂಡು ಆಮೇಲೆ ಹೋಗಿ. ಮಾತ್ರೆ ಎಲ್ಲಿಟ್ಟಿದ್ದಾರೆ, ರಾತ್ರಿ ಪಾಳಿಯಲ್ಲಿ ಬೀರುವಿನ ಕೀ ಯಾರ ಹತ್ತಿರ ಇರುತ್ತದೆ ಅಂತ ಇವತ್ತೇ ವಿಚಾರಿಸಿ. ಕೋರ್ಸ್ 28 ದಿನ, ನಡುವೆ ಬಿಡುವಂತಿಲ್ಲ. ರಕ್ತ ಪರೀಕ್ಷೆ ಅದೇ ದಿನ ಒಂದು, ಆಮೇಲೆ 6 ವಾರ, 3 ತಿಂಗಳು, 6 ತಿಂಗಳಿಗೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದ್ದರೂ ಆಂಟಿಬಾಡಿ ಮಟ್ಟ 10 ಎಂಐಯು/ಎಂಎಲ್‌ಗಿಂತ ಮೇಲಿದೆಯೇ ಅಂತ ನೋಡಿಸಿಕೊಳ್ಳಿ.